ನಿಂತ ಕಲ್ಲುಗಳ ನಾಡು

ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿ, ಮೆಕ್ಸಿಕೋ ದೇಶದ ಗಡಿಗೆ ತಾಗಿಕೊಂಡು, ಅರಿಜೋನಾ ಎಂಬ ರಾಜ್ಯವಿದೆ. ಆ ರಾಜ್ಯದ ಆಗ್ನೇಯ ಮೂಲೆ ಎರಡು ಮರುಭೂಮಿಗಳು ಸಂಧಿಸುವ ಎಡೆ. ಪಶ್ಚಿಮದಿಂದ ಸೊನೋರಾ ಮರುಭೂಮಿಯೂ ಪೂರ್ವದಿಂದ ಚಿವಾವಾ ಮರುಭೂಮಿಯೂ ಬಂದು ಅಲ್ಲಿ ಒಂದನ್ನೊಂದು ಮುಟ್ಟುತ್ತವೆ. ವಿಲ್ಕಾಕ್ಸ್ ಎಂಬ ಸಣ್ಣ ಪಟ್ಟಣದಿಂದ ಹೊರಟ ರಸ್ತೆ ಈ ಬಯಲಿನಲ್ಲಿ ಆಗ್ನೇಯ ದಿಕ್ಕಿಗೆ ಸುಮಾರು 58 ಕಿಲೋಮೀಟರು ಸಾಗುತ್ತದೆ. ಪಟ್ಟಣದ ಬಳಿಯಲ್ಲಿ ಬತ್ತಿದ ಸರೋವರವೊಂದರ ತಳ ಬಿಳಿಯ ಬಟ್ಟೆಯನ್ನು ಹಾಸಿದಂತೆ ಹರಡಿಕೊಂಡಿದೆ. ಅದನ್ನು ಹಿಂದೆ ಬಿಟ್ಟರೆ ಎತ್ತ ನೋಡಿದರೂ ಒಣಹುಲ್ಲು, ಮುಳ್ಳುಪೊದೆ, ಅಲ್ಲೊಂದು ಇಲ್ಲೊಂದು ದನಗಳ ಹಿಂಡು. ದಾರಿಯ ಕೊನೆಯಲ್ಲಿ ದಿಗಂತಕ್ಕೆ ಗೋಡೆ ಕಟ್ಟಿದಂತೆ ನೀಲಿ ಬೆಟ್ಟಗಳ ಸಾಲೊಂದು ಕಾಣಿಸುತ್ತದೆ. ಅದೇ ಚಿರಿಕಾವಾ ಪರ್ವತಶ್ರೇಣಿ.

ಬಯಲಿನಿಂದ ನೋಡುವವನಿಗೆ ಈ ಬೆಟ್ಟಗಳು ತಮ್ಮ ಒಡಲಿನಲ್ಲಿ ಏನನ್ನು ಬಚ್ಚಿಟ್ಟುಕೊಂಡಿವೆ ಎಂಬುದರ ಸುಳಿವೇ ಸಿಕ್ಕುವುದಿಲ್ಲ. ರಸ್ತೆ ಬೊನಿಟಾ ಎಂಬ ಕಣಿವೆಯನ್ನು ಹೊಕ್ಕ ಮೇಲೆ ನೋಟ ಬದಲಾಗತೊಡಗುತ್ತದೆ. ಬೊನಿಟಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಚೆಲುವೆ ಎಂದರ್ಥ. ಹೆಸರಿಗೆ ತಕ್ಕಂತೆ ಇಲ್ಲಿ ನೆರಳಿದೆ, ಮಳೆ ಬಿದ್ದಾಗ ಹರಿಯುವ ತೊರೆಯಿದೆ, ಓಕ್ ಮತ್ತು ಸೈಪ್ರೆಸ್ ಮರಗಳಿವೆ. ಒಂದು ಬಗೆಯ ಜೂನಿಪರ್ ಮರದ ತೊಗಟೆ ಮೊಸಳೆಯ ಚರ್ಮದಂತೆ ಚೌಕ ಚೌಕವಾಗಿ ಒಡೆದಿರುವುದರಿಂದ ಅದಕ್ಕೆ ಮೊಸಳೆಯ ಹೆಸರನ್ನೇ ಇಟ್ಟಿದ್ದಾರೆ. ಉದ್ದ ಮೂತಿಯ ಕೋಆಟಿ ಎಂಬ ಪ್ರಾಣಿ ಬಾಲವನ್ನು ನೆಟ್ಟಗೆ ಎತ್ತಿಕೊಂಡು ಮರಗಳ ನಡುವೆ ಅಡ್ಡಾಡುತ್ತದೆ. ಎತ್ತರಕ್ಕೆ ಏರಿದಂತೆಲ್ಲ ಗಾಳಿ ತಂಪಾಗುತ್ತದೆ. ಬಯಲಿಗೆ ಬೀಳದ ಮಳೆ ಬೆಟ್ಟಕ್ಕೆ ಬೀಳುತ್ತದೆ. ಸುತ್ತಲೂ ಮರುಭೂಮಿಯೆಂಬ ಕಡಲು, ನಡುವೆ ಹಸುರು ಕಾಡನ್ನು ಹೊತ್ತು ನಿಂತ ಬೆಟ್ಟ. ಇಂತಹ ಬೆಟ್ಟಗಳನ್ನು ವಿಜ್ಞಾನಿಗಳು ಆಕಾಶದ್ವೀಪಗಳು ಎಂದು ಕರೆದಿರುವುದು ಉಚಿತವಾಗಿಯೇ ಇದೆ.

ಕಣಿವೆಯಲ್ಲಿ ಸುಮಾರು 13 ಕಿಲೋಮೀಟರು ಏರಿದ ರಸ್ತೆ ಮುಗಿಯುವುದು ಮಸಾಯಿ ಪಾಯಿಂಟ್ ಎಂಬ ನೆತ್ತಿಯಲ್ಲಿ. ಸಮುದ್ರಮಟ್ಟದಿಂದ ಅದರ ಎತ್ತರ 6,870 ಅಡಿ. ಅಲ್ಲಿ ನಿಂತು ಕೆಳಗೆ ಕಣ್ಣು ಹಾಯಿಸಿದವನ ಮಾತು ಒಂದು ಗಳಿಗೆ ನಿಂತುಹೋಗುತ್ತದೆ. ಕಣಿವೆಯ ಇಳಿಜಾರುಗಳ ತುಂಬ ಕಲ್ಲಿನ ಕಂಬಗಳು. ಒಂದಲ್ಲ, ಹತ್ತಲ್ಲ, ಸಾವಿರಾರು. ಕೆಲವು ಆಳೆತ್ತರದವು, ಕೆಲವು ಗೋಪುರದಷ್ಟು ಎತ್ತರದವು. ಕೆಲವು ಒಂದಕ್ಕೊಂದು ಭುಜ ತಾಗಿಸಿಕೊಂಡಿವೆ. ಕೆಲವು ಗುಂಪನ್ನು ಬಿಟ್ಟು ಒಂಟಿಯಾಗಿವೆ. ತೇರು ಹೊರಡುವುದನ್ನೇ ಕಾಯುತ್ತ ಜಾತ್ರೆಯ ಜನವೆಲ್ಲ ಉಸಿರು ಬಿಗಿಹಿಡಿದು ನಿಂತುಬಿಟ್ಟಂತೆ ಆ ನೋಟ. ಕಂಬಗಳ ಬೂದು ಮೈಯ ಮೇಲೆ ಕಲ್ಲುಹೂವು ಹಳದಿ ಮತ್ತು ಹಸುರು ಬಣ್ಣಗಳನ್ನು ಬಳಿದಿದೆ. ಬೆಳಗಿನ ಬಿಸಿಲಿನಲ್ಲಿ ಅವುಗಳ ನೆರಳುಗಳೂ ಸೇರಿ ಗುಂಪು ಇಮ್ಮಡಿಯಾಗಿ ಕಾಣುತ್ತದೆ.

ಈ ಸ್ಥಳಕ್ಕೆ ಎರಡು ಹೆಸರುಗಳಿವೆ. ಇಲ್ಲಿ ಹಿಂದಿನಿಂದ ಬಾಳಿದ ಅಪಾಚೆ ಜನರು ಇದನ್ನು ‘ನಿಂತ ಕಲ್ಲುಗಳ ನಾಡು’ ಎಂದು ಕರೆದರೆಂದು ಹೇಳುತ್ತಾರೆ. ಅವರ ತರುವಾಯ ನೆಲೆಸಿದವರು ಇದಕ್ಕೆ ‘ಕಲ್ಲುಗಳ ವಿಸ್ಮಯಲೋಕ’ ಎಂಬ ಅರ್ಥದ ಹೆಸರನ್ನು ಕೊಟ್ಟರು. ಎರಡನೆಯ ಹೆಸರು ನೋಡುವವನ ಮನಸ್ಸಿಗೆ ಏನಾಯಿತು ಎಂಬುದನ್ನು ಹೇಳುತ್ತದೆ. ಮೊದಲನೆಯದು ಕಲ್ಲು ಏನು ಮಾಡುತ್ತಿದೆ ಎಂಬುದನ್ನು ಹೇಳುತ್ತದೆ. ಬಂದು ನೋಡಿ ಹೋಗುವವನಿಗೂ ಜೊತೆಯಲ್ಲಿ ಬಾಳಿದವನಿಗೂ ಇರುವ ಅಂತರ ಈ ಎರಡು ಹೆಸರುಗಳಲ್ಲಿಯೇ ಅಡಗಿದೆ.

ಕಲ್ಲುಗಳು ಹೀಗೆ ನಿಂತುದು ಹೇಗೆ? ಭೂವಿಜ್ಞಾನಿಗಳು ಅದನ್ನು ವಿವರಿಸಿದ್ದಾರೆ. ಸುಮಾರು 2 ಕೋಟಿ 70 ಲಕ್ಷ ವರ್ಷಗಳ ಹಿಂದೆ, ಇಲ್ಲಿಗೆ ದಕ್ಷಿಣದಲ್ಲಿ, ಇಂದು ಟರ್ಕಿ ಕ್ರೀಕ್ ಎಂದು ಹೆಸರಾದ ಎಡೆಯಲ್ಲಿ ಭಾರಿ ಜ್ವಾಲಾಮುಖಿಯೊಂದು ಸಿಡಿಯಿತು. ಅದರಿಂದ ಹೊಮ್ಮಿದುದು ಮೆಲ್ಲಗೆ ಹರಿಯುವ ಲಾವಾರಸವಲ್ಲ. ಕಾದ ಬೂದಿ, ಅನಿಲ ಮತ್ತು ನೊರೆಗಲ್ಲಿನ ಚೂರುಗಳು ಬೆರೆತ ಮೋಡವೊಂದು ನೆಲಕ್ಕೆ ಒತ್ತಿಕೊಂಡು ನಾಲ್ಕೂ ಕಡೆಗೆ ಧಾವಿಸಿತು, ಹಳ್ಳಕೊಳ್ಳಗಳನ್ನು ತುಂಬಿತು. ಹೀಗೆ ಕೂಡಿದ ಬೂದಿಯ ರಾಶಿ ಸುಮಾರು 2,000 ಅಡಿ ದಪ್ಪವಾಯಿತು. ಒಡಲು ಬರಿದಾದ ಜ್ವಾಲಾಮುಖಿಯ ಮೇಲ್ಭಾಗ ಕುಸಿದು, ಸುಮಾರು 19 ಕಿಲೋಮೀಟರು ಅಗಲದ ಬೋಗುಣಿಯಂತಹ ತಗ್ಗು ಉಂಟಾಯಿತು.

ಬೂದಿ ಎಂದರೆ ಊದಿದರೆ ಹಾರುವ ವಸ್ತು. ಆದರೆ ಆ ಬೂದಿಯಲ್ಲಿದ್ದ ಕಾವು ಎಷ್ಟು ತೀವ್ರವಾಗಿತ್ತೆಂದರೆ ಅದರ ಕಣಕಣವೂ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಕಲ್ಲಾಯಿತು. ಈ ಕಲ್ಲಿಗೆ ರಯೊಲೈಟ್ ಟಫ್ ಎಂದು ಹೆಸರು. ಕಲ್ಲು ತಣಿಯುವಾಗ ಕುಗ್ಗಿತು; ಕುಗ್ಗುವಾಗ, ಬೇಸಗೆಯಲ್ಲಿ ಕೆರೆಯಂಗಳದ ಮಣ್ಣು ಬಿರಿಯುವಂತೆ, ಮೇಲಿನಿಂದ ಕೆಳಕ್ಕೆ ನೆಟ್ಟನೆಯ ಸೀಳುಗಳು ಮೂಡಿದವು. ಲಕ್ಷಾಂತರ ವರ್ಷಗಳು ಉರುಳಿದಂತೆ ಆ ಭಾಗದ ಭೂಮಿಯ ಹೊರಪದರ ಎಳೆದಾಡಲ್ಪಟ್ಟು, ಕೆಲವು ಭಾಗಗಳು ಕುಸಿದು ಬಯಲಾದವು, ಕೆಲವು ಭಾಗಗಳು ಬೆಟ್ಟಗಳಾಗಿ ಉಳಿದವು. ಮಳೆಯ ನೀರು ಬೆಟ್ಟದ ಸೀಳುಗಳಿಗೆ ಇಳಿಯಿತು. ಚಳಿಗಾಲದ ರಾತ್ರಿಗಳಲ್ಲಿ ಅದು ಹೆಪ್ಪುಗಟ್ಟಿತು. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಬಡಗಿ ಮರವನ್ನು ಸೀಳಲು ಬೆಣೆ ಹೊಡೆಯುವಂತೆ ಮಂಜುಗಡ್ಡೆ ಕಲ್ಲಿಗೆ ಬೆಣೆ ಹೊಡೆಯಿತು. ಸೀಳು ಅಗಲವಾಯಿತು, ಮೆದುವಾದ ಭಾಗ ಉದುರಿತು, ನೀರು ಅದನ್ನು ಕೊಚ್ಚಿಕೊಂಡು ಹೋಯಿತು. ಹೋಗದೆ ಉಳಿದುದೇ ಈ ಕಂಬಗಳು. ಇವುಗಳನ್ನು ಯಾರೂ ಎತ್ತಿ ನಿಲ್ಲಿಸಲಿಲ್ಲ. ಸುತ್ತಲಿನದೆಲ್ಲ ಹೊರಟುಹೋದ ಮೇಲೆ ಇವು ನಿಂತಿರುವಂತೆ ಕಾಣುತ್ತಿವೆ, ಅಷ್ಟೆ.

ನೆತ್ತಿಯಿಂದ ಕಾಲುದಾರಿಗಳು ಕಂಬಗಳ ನಡುವೆ ಇಳಿಯುತ್ತವೆ. ಮೇಲಿನಿಂದ ಜಾತ್ರೆಯಂತೆ ಕಂಡುದು ಒಳಗೆ ಇಳಿದಾಗ ಬೀದಿಗಳುಳ್ಳ ಊರಾಗುತ್ತದೆ. ಎರಡು ಕಲ್ಲುಗಳ ನಡುವೆ ಒಬ್ಬನೇ ನುಸುಳುವಷ್ಟು ಇರುಕು. ಅದನ್ನು ದಾಟಿದರೆ ಅಂಗಳದಂತಹ ತೆರಪು. ತಲೆಯ ಮೇಲೆ ಸೂರಿನಂತೆ ಬಾಗಿದ ಬಂಡೆ. ‘ಕಲ್ಲುಗಳ ಹೃದಯ’ ಎಂಬ ಅರ್ಥದ ಹೆಸರುಳ್ಳ ಭಾಗವನ್ನು ಸೇರಲು ಸಾಕಷ್ಟು ನಡೆಯಬೇಕು. ಅಲ್ಲಿ ಬಾತುಕೋಳಿಯಂತೆ ಕುಳಿತ ಕಲ್ಲಿದೆ. ಮುತ್ತಿಡುವಂತೆ ಮುಖ ತಂದ ಜೋಡಿ ಕಲ್ಲುಗಳಿವೆ. ದಾರಿಯಲ್ಲಿ ಸಿಗುವ ಒಂದು ಬಂಡೆಯ ಮುಂದೆ ನಡೆಯುವವರು ತಾವಾಗಿಯೇ ನಿಲ್ಲುತ್ತಾರೆ. ಅದರ ಎತ್ತರ 25 ಅಡಿ, ಅಡ್ಡಳತೆ 22 ಅಡಿ, ತೂಕ ಸುಮಾರು 1,000 ಟನ್ನು. ಇಷ್ಟು ದೊಡ್ಡ ಬಂಡೆ ಸಣ್ಣದೊಂದು ಪೀಠದ ಮೇಲೆ ತೂಗಿ ನಿಲ್ಲಿಸಿದಂತೆ ಕುಳಿತಿದೆ. ಒಬ್ಬ ಹುಡುಗ ಕೈಯಿಟ್ಟು ತಳ್ಳಿದರೂ ಉರುಳೀತು ಎನಿಸುತ್ತದೆ. ಆದರೆ ಅದು ಮನುಷ್ಯ ಮಾತನಾಡಲು ಕಲಿಯುವ ಮೊದಲಿನಿಂದಲೂ ಅಲ್ಲಿ ಗಾಳಿಯನ್ನೂ ಮಳೆಯನ್ನೂ ಎದುರಿಸಿದ ಕಲ್ಲಿನ ಮುಂದುವರಿಕೆ.

ಈ ಪ್ರದೇಶ ರಕ್ಷಿತ ಸ್ಮಾರಕ. ಇಲ್ಲಿ ಬೇಟೆಯಾಡುವಂತಿಲ್ಲ, ಮರ ಕಡಿಯುವಂತಿಲ್ಲ. ನೆಲದ ಮೇಲೆ ಬಿದ್ದ ಬೆಣಚುಕಲ್ಲೊಂದನ್ನು ಜೇಬಿಗೆ ಹಾಕಿಕೊಳ್ಳುವುದೂ ತಪ್ಪು. ಜಿಂಕೆಗೆ ರಕ್ಷಣೆ ಬೇಕು, ಮರಕ್ಕೆ ರಕ್ಷಣೆ ಬೇಕು. ಆದರೆ ಬೆಟ್ಟದಷ್ಟು ಕಲ್ಲಿಗೆ ರಕ್ಷಣೆ ಏಕೆ ಎಂದು ಮೊದಲ ಬಾರಿಗೆ ಬಂದವರು ಕೇಳುವುದುಂಟು. ಪ್ರಶ್ನೆ ಸರಳವಾಗಿದ್ದರೂ ಉತ್ತರ ಸರಳವಾಗಿಲ್ಲ. ಏಕೆಂದರೆ ಕಂಬಗಳನ್ನು ರೂಪಿಸಿದ ನೀರೂ ಮಂಜೂ ತಮ್ಮ ಕೆಲಸವನ್ನು ಇನ್ನೂ ನಿಲ್ಲಿಸಿಲ್ಲ. ಯಾವ ಕೈ ಈ ಕಂಬಗಳನ್ನು ಕಡೆಯಿತೋ ಅದೇ ಕೈ ಇವುಗಳನ್ನು ಕೆಡವುತ್ತಲೂ ಇದೆ. ಒಂದೊಂದು ಕಂಬವೂ ಒಂದು ದಿನ ಬೀಳುವುದೇ ಸರಿ. ಹಾಗಿದ್ದರೂ ಅವುಗಳಿಗೆ ಯಾರೂ ಊರುಗೋಲು ಕೊಟ್ಟಿಲ್ಲ. ಸಿಮೆಂಟು ಮೆತ್ತಿ ಬಿರುಕುಗಳನ್ನು ಮುಚ್ಚಿಲ್ಲ. ಇಲ್ಲಿ ಕಾಪಾಡುವುದು ಎಂದರೆ ಬೀಳದಂತೆ ತಡೆಯುವುದಲ್ಲ. ನಿಲ್ಲುವಷ್ಟು ಕಾಲ ನಿಲ್ಲಲು, ಬೀಳುವ ಕಾಲಕ್ಕೆ ಬೀಳಲು, ಕಲ್ಲನ್ನು ಅದರ ಪಾಡಿಗೆ ಬಿಡುವುದು.

ಅದರ ಪಾಡಿಗೆ ಬಿಡುವುದು ಸುಲಭದ ಕೆಲಸವಲ್ಲ. ಅದು ಎಷ್ಟು ಕಷ್ಟವೆಂಬುದನ್ನು ಮಸಾಯಿ ಪಾಯಿಂಟ್ ಎಂಬ ಹೆಸರೇ ಹೇಳುತ್ತದೆ.

ಚಿರಿಕಾವಾ ಎಂಬುದು ಬೆಟ್ಟದ ಹೆಸರು ಮಾತ್ರವಲ್ಲ, ಅಪಾಚೆ ಜನರ ಒಂದು ಪಂಗಡದ ಹೆಸರೂ ಹೌದು. ಅವರು ಈ ಬೆಟ್ಟಗಳಲ್ಲಿ ಬೇಟೆಯಾಡಿ, ಕಾಯಿ ಬೀಜಗಳನ್ನು ಆಯ್ದು, ಋತುಮಾನಕ್ಕೆ ತಕ್ಕಂತೆ ಮೇಲಕ್ಕೂ ಕೆಳಕ್ಕೂ ಸಂಚರಿಸುತ್ತ ಬದುಕಿದ್ದರು. 19ನೆಯ ಶತಮಾನದಲ್ಲಿ ಹೊರಗಿನವರು ಬಂದು ನೆಲೆಸತೊಡಗಿದಾಗ ಘರ್ಷಣೆ ಹುಟ್ಟಿತು. 1861ರಿಂದ ಸುಮಾರು ಹನ್ನೊಂದು ವರ್ಷ ಕೊಚೀಸ್ ಎಂಬ ಅಪಾಚೆ ನಾಯಕನು ಅಮೆರಿಕದ ಸೈನ್ಯದೊಡನೆ ಹೋರಾಡಿದನು. 1872ರಲ್ಲಿ ಜನರಲ್ ಹೊವಾರ್ಡನು ಅವನೊಡನೆ ಒಪ್ಪಂದ ಮಾಡಿಕೊಂಡನು. ಈ ಬೆಟ್ಟಗಳೂ ಸೇರಿದಂತೆ ವಿಶಾಲವಾದ ಪ್ರದೇಶ ಅಪಾಚೆಗಳಿಗೇ ಉಳಿಯಬೇಕೆಂದು ನಿಶ್ಚಯವಾಯಿತು. 1874ರಲ್ಲಿ ಕೊಚೀಸನು ತೀರಿಕೊಂಡನು. ಒಪ್ಪಂದ ಅವನ ಹಿಂದೆಯೇ ಹೋಯಿತು. 1876ರಲ್ಲಿ ಸರ್ಕಾರ ಆ ಮೀಸಲು ಪ್ರದೇಶವನ್ನು ರದ್ದುಪಡಿಸಿ, ಜನರನ್ನು ಬೇರೆಡೆಗೆ ಸಾಗಿಸಿತು. ಕೆಲವರು ಒಪ್ಪದೆ ಮತ್ತೆ ಕಾದಾಡಿದರು. ಅವರಲ್ಲಿ ಹೆಸರಾಂತ ಜೆರೋನಿಮೋ 1886ರ ಸೆಪ್ಟೆಂಬರ್ 4ರಂದು ಶರಣಾದನು.

ಅನಂತರ ನಡೆದುದು ಇನ್ನೂ ಕಠೋರವಾಗಿತ್ತು. ಕಾದಾಡಿದವರನ್ನು ಮಾತ್ರವಲ್ಲ, ಶಾಂತಿಯಿಂದ ಬೇಸಾಯ ಮಾಡಿಕೊಂಡಿದ್ದವರನ್ನೂ, ಸೈನ್ಯಕ್ಕೆ ದಾರಿ ತೋರಿಸಿ ನೆರವಾಗಿದ್ದ ಅಪಾಚೆಗಳನ್ನೂ, ಹೆಂಗಸರು ಮಕ್ಕಳನ್ನೂ ರೈಲಿಗೆ ಹತ್ತಿಸಿ ದೂರದ ಫ್ಲಾರಿಡಾಕ್ಕೆ ಕಳುಹಿಸಿದರು. ಅಲ್ಲಿಂದ ಅಲಬಾಮಾಕ್ಕೆ, ಅಲ್ಲಿಂದ ಒಕ್ಲಹೋಮಾಕ್ಕೆ ಅವರ ಸೆರೆವಾಸ ಸಾಗಿತು. ಮಕ್ಕಳಲ್ಲಿ ಅನೇಕರನ್ನು ತಾಯ್ತಂದೆಗಳಿಂದ ಬೇರ್ಪಡಿಸಿ ಪೆನ್ಸಿಲ್ವೇನಿಯಾದ ವಸತಿಶಾಲೆಗೆ ಅಟ್ಟಿದರು. ಅವರಲ್ಲಿ ಹಲವರು ರೋಗದಿಂದ ಸತ್ತರು. ಯುದ್ಧಕೈದಿಗಳೆಂಬ ಪಟ್ಟ ಆ ಜನರ ಮೇಲೆ 27 ವರ್ಷಗಳ ಕಾಲ ಉಳಿಯಿತು. 1913ರಲ್ಲಿ ಬಿಡುಗಡೆಯಾದಾಗ ನ್ಯೂಮೆಕ್ಸಿಕೋದಲ್ಲಿಯೋ ಒಕ್ಲಹೋಮಾದಲ್ಲಿಯೋ ನೆಲೆಸಬಹುದೆಂದು ಅವರಿಗೆ ತಿಳಿಸಲಾಯಿತು. ತಮ್ಮದೇ ಬೆಟ್ಟಗಳಿದ್ದ ಅರಿಜೋನಾಕ್ಕೆ ಮರಳುವ ಅವಕಾಶ ಮಾತ್ರ ಇರಲಿಲ್ಲ.

ಮಸಾಯಿ ಎಂಬುವನು 1886ರ ಆ ರೈಲುಗಳಲ್ಲೊಂದರಲ್ಲಿದ್ದ ಅಪಾಚೆ. ರೈಲು ಮಿಸೂರಿ ರಾಜ್ಯವನ್ನು ಮುಟ್ಟಿದಾಗ ಅವನು ಅದರಿಂದ ತಪ್ಪಿಸಿಕೊಂಡನು. ಕೈಯಲ್ಲಿ ಭೂಪಟವಿಲ್ಲ, ಕೇಳಲು ಭಾಷೆಯಿಲ್ಲ, ಹಗಲು ಮುಖ ತೋರಿಸುವಂತಿಲ್ಲ. ಸಾವಿರಾರು ಕಿಲೋಮೀಟರು ದೂರದ ತನ್ನ ನಾಡಿಗೆ, ಯಾರ ಕಣ್ಣಿಗೂ ಬೀಳದಂತೆ, ಅವನು ಮರಳಿದನು. 1890ರಲ್ಲಿ ಬೊನಿಟಾ ಕಣಿವೆಯ ಮನೆಯೊಂದರಿಂದ ಕುದುರೆಯನ್ನು ಒಯ್ದವನ ಹೆಜ್ಜೆಗುರುತನ್ನು ನೆರೆಯವನಾದ ನೀಲ್ ಎರಿಕ್ಸನ್ ಎಂಬುವನು ಹಿಂಬಾಲಿಸಿದನೆಂದೂ, ಹೆಜ್ಜೆಗಳು ಈ ಕಲ್ಲುಗಳ ನಡುವೆ ಮಾಯವಾದುವೆಂದೂ, ಅವು ಮಸಾಯಿಯ ಹೆಜ್ಜೆಗಳೆಂದೂ ಆ ಭಾಗದ ಜನರು ಹೇಳಿಕೊಂಡು ಬಂದಿದ್ದಾರೆ. ತಲೆಮರೆಸಿಕೊಂಡು ತನ್ನ ಊರಿಗೆ ತಾನೇ ಕಳ್ಳನಂತೆ ಬರಬೇಕಾದವನ ಹೆಸರನ್ನು ಇಂದು ಆ ನೆತ್ತಿ ಹೊತ್ತಿದೆ.

ಅಪಾಚೆಗಳನ್ನು ಸಾಗಿಸಿದ ಮರುವರ್ಷ, 1887ರ ಮೇ 3ರಂದು, ದಕ್ಷಿಣಕ್ಕಿರುವ ಮೆಕ್ಸಿಕೋದ ಸೊನೋರಾ ಪ್ರಾಂತದಲ್ಲಿ ಪ್ರಬಲವಾದ ಭೂಕಂಪವಾಯಿತು. ಅದರ ತೀವ್ರತೆ 7ಕ್ಕೂ ಮಿಗಿಲಾಗಿತ್ತು. ಬವೀಸ್ಪೆ ಎಂಬ ಊರು ನೆಲಸಮವಾಯಿತು. ಇಲ್ಲಿನ ಬೆಟ್ಟಗಳೂ ನಡುಗಿದವು. ಆದರೂ ಒಂಟಿ ಪೀಠದ ಮೇಲಿನ ಆ ಮಹಾಬಂಡೆ ಉರುಳಲಿಲ್ಲ. ಸಾವಿರಾರು ಕಂಬಗಳು ನಿಂತಲ್ಲಿಯೇ ನಿಂತವು. ನೆಲವೇ ಅಲುಗಿದರೂ ಕಲ್ಲು ಕದಲಲಿಲ್ಲ. ಒಂದು ಆಜ್ಞೆಗೆ ಒಂದು ಜನಾಂಗ ಕದಲಬೇಕಾಯಿತು.

ಹೆಜ್ಜೆಗಳನ್ನು ಹಿಂಬಾಲಿಸಿದ ನೀಲ್ ಎರಿಕ್ಸನ್ ಸ್ವೀಡನ್ ದೇಶದಿಂದ ಬಂದು ಅಮೆರಿಕದ ಸೈನ್ಯದಲ್ಲಿ ದುಡಿದವನು. 1888ರಲ್ಲಿ ಅವನೂ ಅವನ ಹೆಂಡತಿ ಎಮ್ಮಾಳೂ ಬೊನಿಟಾ ಕಣಿವೆಯಲ್ಲಿ ನೆಲೆಸಿದರು. ಅವರ ಮಗಳು ಲಿಲಿಯನ್ ಮತ್ತು ಅಳಿಯ ಎಡ್ ರಿಗ್ಸ್ ಅದೇ ಮನೆಯನ್ನು ಪ್ರವಾಸಿಗಳ ತಂಗುದಾಣವನ್ನಾಗಿ ಮಾಡಿದರು. ಅತಿಥಿಗಳನ್ನು ಕುದುರೆಯ ಮೇಲೆ ಕೂರಿಸಿಕೊಂಡು ಕಲ್ಲುಗಳ ನಡುವೆ ಕರೆದೊಯ್ದರು. ಚಿತ್ರಗಳನ್ನು ತೆಗೆದು ನಾಡಿಗೆ ತೋರಿಸಿದರು. ಈ ಸ್ಥಳವನ್ನು ಉಳಿಸಬೇಕೆಂದು ಒತ್ತಾಯಿಸಿದರು. ಮುಂದೆ ಲಿಲಿಯನ್ ದೃಷ್ಟಿಯನ್ನು ಕಳೆದುಕೊಂಡಳು. ಆದರೂ ಹಲವು ವರ್ಷಗಳ ಕಾಲ ಆಕೆ ಆ ಮನೆಯನ್ನೂ ದನಗಳನ್ನೂ ತಾನೇ ನೋಡಿಕೊಂಡಳು. ಇಂದು ವಸ್ತುಸಂಗ್ರಹಾಲಯವಾಗಿರುವ ಆ ಮನೆಯ ಅಗ್ಗಿಷ್ಟಿಕೆಯಲ್ಲಿ ಹೆಸರುಗಳನ್ನು ಕೆತ್ತಿದ ಕಲ್ಲುಗಳಿವೆ. ಅಪಾಚೆ ಯುದ್ಧದ ಕಾಲದಲ್ಲಿ ಇಲ್ಲಿ ಬೀಡುಬಿಟ್ಟಿದ್ದ ಕರಿಯ ಸೈನಿಕರು, ಅಂದರೆ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಜನಾಂಗದ ಮಕ್ಕಳು, ರಾಷ್ಟ್ರಾಧ್ಯಕ್ಷ ಗಾರ್ಫೀಲ್ಡನ ನೆನಪಿಗೆ ಕಟ್ಟಿದ ಸ್ಮಾರಕದ ಕಲ್ಲುಗಳು ಅವು. ಸ್ಮಾರಕ ಶಿಥಿಲವಾದ ಮೇಲೆ ರಿಗ್ಸ್ ಅವುಗಳನ್ನು ತಂದು ಮನೆಗೆ ಬಳಸಿದನು. ಒಂದು ಗೋಡೆಯಲ್ಲಿ ಎಷ್ಟು ಬಗೆಯ ಜನರ ಬಾಳು ಸೇರಿಕೊಳ್ಳುತ್ತದೆ!

1924ರ ಏಪ್ರಿಲ್ 18ರಂದು ರಾಷ್ಟ್ರಾಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಈ ಪ್ರದೇಶವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದನು. ಇಂದು ಅದರ ವಿಸ್ತಾರ ಸುಮಾರು 12,000 ಎಕರೆ. ಅದರ ಬಹುಭಾಗಕ್ಕೆ 1976ರಲ್ಲಿ ಇನ್ನೂ ಬಿಗಿಯಾದ ಅರಣ್ಯರಕ್ಷಣೆ ದೊರೆಯಿತು. ಇತಿಹಾಸದ ಪುಟದಲ್ಲಿ ಈ ದಿನಾಂಕದ ಪಕ್ಕದಲ್ಲಿ ಇನ್ನೊಂದು ದಿನಾಂಕವನ್ನು ಇಟ್ಟು ನೋಡಬೇಕು. ಅದೇ ವರ್ಷ ಜೂನ್ 2ರಂದು ಅದೇ ಕೂಲಿಜ್ ಇನ್ನೊಂದು ಶಾಸನಕ್ಕೆ ಸಹಿ ಹಾಕಿದನು. ದೇಶದಲ್ಲಿ ಹುಟ್ಟಿದ್ದರೂ ಅದುವರೆಗೆ ಪೌರತ್ವ ದೊರೆಯದಿದ್ದ ಮೂಲನಿವಾಸಿಗಳೆಲ್ಲರನ್ನೂ ಆ ಶಾಸನ ಅಮೆರಿಕದ ಪೌರರೆಂದು ಒಪ್ಪಿಕೊಂಡಿತು. ಕಲ್ಲುಗಳಿಗೆ ದೇಶದ ರಕ್ಷಣೆ ದೊರೆತ ಆರು ವಾರಗಳ ಮೇಲೆ, ಆ ಕಲ್ಲುಗಳಿಗೆ ಹೆಸರಿಟ್ಟ ಜನರಿಗೆ ದೇಶದ ಪೌರತ್ವ ಪೂರ್ಣವಾಗಿ ದೊರೆಯಿತು.

ಇದನ್ನು ಕೇಳಿ ಸ್ಮಾರಕವನ್ನು ಹಳಿಯುವುದು ನ್ಯಾಯವಲ್ಲ. ಅದನ್ನು ಉಳಿಸಿದವರ ಶ್ರಮ ನಿಜವಾದುದು. 1930ರ ದಶಕದಲ್ಲಿ ಅಮೆರಿಕದಲ್ಲಿ ಭೀಕರವಾದ ನಿರುದ್ಯೋಗವಿತ್ತು. ಸರ್ಕಾರ ಬಡ ತರುಣರನ್ನು ಒಂದುಗೂಡಿಸಿ, ಕಾಡು ಮತ್ತು ಉದ್ಯಾನಗಳ ಕೆಲಸಕ್ಕೆ ಹಚ್ಚಿತು. ತಿಂಗಳಿಗೆ 30 ಡಾಲರು ಸಂಬಳ. ಅದರಲ್ಲಿ ಸುಮಾರು 25 ಡಾಲರು ನೇರವಾಗಿ ಮನೆಗೆ ಹೋಗುತ್ತಿತ್ತು. ಅಂತಹ ತರುಣರು 1934ರಿಂದ 1940ರ ವರೆಗೆ ಇಲ್ಲಿ ಬಿಡಾರ ಹೂಡಿ ದಾರಿಗಳನ್ನು ಕಡಿದರು, ಮೆಟ್ಟಿಲುಗಳನ್ನು ಜೋಡಿಸಿದರು, ಮಸಾಯಿ ಪಾಯಿಂಟಿನಲ್ಲಿ ಕಲ್ಲಿನ ಪುಟ್ಟ ಕಟ್ಟಡವನ್ನು ಕಟ್ಟಿದರು. ಅವರ ದಾರಿಗಳಲ್ಲಿಯೇ ಇಂದಿಗೂ ಜನ ನಡೆಯುತ್ತಾರೆ. ದಾರಿ ಎಲ್ಲಿಯೂ ಕಂಬವನ್ನು ಕೆಡವಿ ಮುಂದೆ ಹೋಗಿಲ್ಲ. ಕಂಬ ಎದುರಾದಲ್ಲಿ ಅದನ್ನು ಬಳಸಿಕೊಂಡು, ಬಾಗಿ, ಸುತ್ತಿ ಹೋಗಿದೆ. ಆ ಬಳಸುದಾರಿಯಲ್ಲಿ ಒಂದು ಬಗೆಯ ವಿನಯವಿದೆ.

ರಕ್ಷಣೆಗೆ ಮಿತಿಗಳೂ ಇವೆ. 2011ರ ಬೇಸಗೆಯಲ್ಲಿ ಮನುಷ್ಯರಿಂದ ಹೊತ್ತಿಕೊಂಡ ಬೆಂಕಿ ಚಿರಿಕಾವಾ ಬೆಟ್ಟಗಳಲ್ಲಿ 2 ಲಕ್ಷ 20 ಸಾವಿರಕ್ಕೂ ಹೆಚ್ಚು ಎಕರೆಗೆ ವ್ಯಾಪಿಸಿತು, ಸ್ಮಾರಕದೊಳಗೂ ನುಗ್ಗಿತು. ಬೆಂಕಿಯಿಂದಲೇ ಹುಟ್ಟಿದ ಕಲ್ಲುಗಳು ಉಳಿದವು. ಸುಟ್ಟ ಮರಗಳ ಬುಡದಲ್ಲಿ ಓಕ್ ಗಿಡಗಳು ಮತ್ತೆ ಚಿಗುರಿದವು. ಗಡಿಯ ಕಲ್ಲನ್ನು ನೆಟ್ಟು, ನಿಯಮಗಳನ್ನು ಬರೆದ ಮಾತ್ರಕ್ಕೆ ಯಾವುದೂ ಸುರಕ್ಷಿತವಾಗುವುದಿಲ್ಲ. ನಿಯಮದ ಹಿಂದೆ ಒಂದು ಮನೋಭಾವವಿರಬೇಕು: ತನ್ನದಲ್ಲದ ಬಾಳನ್ನು, ತನಗೆ ಅರ್ಥವಾಗದ ಬಾಳನ್ನು, ಅದರ ಪಾಡಿಗೆ ಬಿಡುವ ಮನೋಭಾವ. ಕಲ್ಲಿನ ವಿಷಯದಲ್ಲಿ ಅದನ್ನು ಕಲಿತ ಮನುಷ್ಯ ಮನುಷ್ಯನ ವಿಷಯದಲ್ಲಿ ಕಲಿಯಲು ಎಷ್ಟು ತಡಮಾಡಿದನು ಎಂಬುದಕ್ಕೆ ಈ ಬೆಟ್ಟಗಳೇ ಸಾಕ್ಷಿ.

ಮಸಾಯಿ ಪಾಯಿಂಟಿನಿಂದ ಉತ್ತರಕ್ಕೆ ನೋಡಿದರೆ ಬೆಟ್ಟದ ಏಣೊಂದು ಮನುಷ್ಯನ ಮುಖದಂತೆ ಕಾಣುತ್ತದೆ. ಹಣೆ, ಮೂಗು, ತುಟಿ, ಗಲ್ಲ ಎಲ್ಲವೂ ಸ್ಪಷ್ಟವಾಗಿವೆ. ಅದಕ್ಕೆ ಕೊಚೀಸನ ತಲೆ ಎಂದು ಹೆಸರು. ಕೊಚೀಸನ ದೇಹವನ್ನು ಅವನ ಜನರು ಪಶ್ಚಿಮದ ಡ್ರಾಗೂನ್ ಬೆಟ್ಟಗಳಲ್ಲಿ ಗುಟ್ಟಾಗಿ ಮಣ್ಣು ಮಾಡಿದರು. ಆ ಸ್ಥಳವನ್ನು ಅವರು ಯಾರಿಗೂ ತೋರಿಸಲಿಲ್ಲ. ಇಲ್ಲಿ ಮಾತ್ರ ಅವನ ಹೆಸರಿನ ಬೆಟ್ಟ ಆಕಾಶಕ್ಕೆ ಮುಖಮಾಡಿ ಅಂಗಾತ ಮಲಗಿದೆ. ಸಂಜೆಯ ಬಿಸಿಲು ಕಣಿವೆಯ ಕಂಬಗಳನ್ನೆಲ್ಲ ಬಿಟ್ಟು ಮೇಲೇರಿದ ಮೇಲೆಯೂ ಸ್ವಲ್ಪ ಹೊತ್ತು ಆ ಹಣೆಯ ಮೇಲೆ ನಿಲ್ಲುತ್ತದೆ. ಕೆಳಗೆ ನಿಂತ ಕಲ್ಲುಗಳು ಒಂದೊಂದಾಗಿ ಕತ್ತಲೆಗೆ ಸೇರುತ್ತವೆ.